ಐದು ಸ್ಟಾರ್ ಹುಡುಗನೋ, ಪಳಗಿದ ಗಾರ್ಡೋ? ನೋಡಿ ಬಲ್ಲವರು ಹೇಳಿ

ಕೇಳಿದವರು: ಲೆಕ್ಸಿಂಗ್ಟನ್, ಕೆಂಟುಕಿ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಈಗ ಲೆಕ್ಸಿಂಗ್ಟನ್‌ನಲ್ಲಿ ಇದ್ದೇವೆ. ಈ ಊರಿನಲ್ಲಿ ಹಾಲು ತರೋಕೆ ಹೋದರೂ ಕೆಂಟುಕಿ ಯೂನಿವರ್ಸಿಟಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಮುಂದಿನ ವರ್ಷ ಯಾವ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವನು) ಬರುತ್ತಾನೆ ಅನ್ನೋದೇ ಮಾತು. ನಮ್ಮ ಮನೆಯಲ್ಲೂ ಅಷ್ಟೇ. ಮಗನಿಗೆ ಐದು ಸ್ಟಾರ್ ರೇಟಿಂಗ್ ಇರುವ ಹೈಸ್ಕೂಲ್ ಹುಡುಗನೇ ಬೇಕು. ನಮ್ಮವರಿಗೆ ಸಣ್ಣ ಕಾಲೇಜಿನಲ್ಲಿ ಮೂರು ವರ್ಷ ಆಡಿ, ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಾಯಿಸುವವರು ಹೆಸರು ಕೊಡುವ ಪಟ್ಟಿ) ಮೂಲಕ ಬರುವ ದೊಡ್ಡ ಹುಡುಗ ಬೇಕು. ಊಟಕ್ಕೆ ಕೂತರೆ ಇದೇ ಜಗಳ. ಆಟ ನನಗೂ ತುಂಬಾ ಇಷ್ಟ, ಆದರೆ ಇಬ್ಬರೂ ತೋರಿಸುವ ಕ್ಲಿಪ್‌ಗಳಲ್ಲಿ ಎಲ್ಲ ಹುಡುಗರೂ ಒಂದೇ ಥರ ಕಾಣುತ್ತಾರೆ. ಎಲ್ಲರೂ ಹಾರುತ್ತಾರೆ, ಎಲ್ಲರ ಚೆಂಡೂ ಒಳಗೆ ಬೀಳುತ್ತದೆ. ಸ್ಟಾರ್ ಎಣಿಸೋದು ಬಿಟ್ಟು, ಒಬ್ಬ ಗಾರ್ಡ್‌ನಲ್ಲಿ ನಾವು ಏನು ನೋಡಬೇಕು? ವರ್ಷಗಳಿಂದ ನೋಡಿದವರು ದಯವಿಟ್ಟು ಹೇಳಿ.

ಜಾರ್ಜ್‌ಟೌನ್, ಕೆಂಟುಕಿಯಿಂದ

ಮೇಡಂ, ನಿಮ್ಮ ಊರಿನ ತಂಡದಲ್ಲೇ ಎರಡಕ್ಕೂ ಉದಾಹರಣೆ ಇದೆ. ಕ್ಯಾಲಿಪರಿ ಕೋಚ್ ಆಗಿದ್ದಾಗ ಹೆಚ್ಚುಕಮ್ಮಿ ಪ್ರತಿ ವರ್ಷ ದೊಡ್ಡ ಹೆಸರಿನ ಗಾರ್ಡ್ ಬರುತ್ತಿದ್ದ. ಜಾನ್ ವಾಲ್, ಡಿಆರನ್ ಫಾಕ್ಸ್, ಮಲೀಕ್ ಮಂಕ್ ಎಲ್ಲರೂ ಒಂದೇ ವರ್ಷ ಆಡಿ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋದರು. ಆಡಿದ ಆ ಒಂದು ವರ್ಷ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ.

ಆದರೆ 2017ರಲ್ಲಿ ಬಂದ ಶೇ ಗಿಲ್ಜಸ್ ಅಲೆಗ್ಸಾಂಡರ್‌ನನ್ನು ನೆನಪು ಮಾಡಿಕೊಳ್ಳಿ. ಜೊತೆಗೆ ಬಂದವರಲ್ಲಿ ಅವನಿಗಿಂತ ಮೇಲಿನ ರ‍್ಯಾಂಕ್ ಇದ್ದವರು ಹಲವರು. ಸೀಸನ್ ಶುರುವಾದಾಗ ಅವನು ಬೆಂಚಿನಿಂದ ಎದ್ದು ಬರುತ್ತಿದ್ದ. ಮಾರ್ಚ್ ಹೊತ್ತಿಗೆ ತಂಡ ಅವನ ಕೈಯಲ್ಲಿತ್ತು, ಕೆಂಟುಕಿ ಆಡುವ ಎಸ್‌ಇಸಿ ಲೀಗ್‌ನ ಟೂರ್ನಿಯಲ್ಲಿ ಶ್ರೇಷ್ಠ ಆಟಗಾರ ಅವನೇ. 2025ರಲ್ಲಿ ಎನ್‌ಬಿಎಯ ವರ್ಷದ ಶ್ರೇಷ್ಠ ಆಟಗಾರನೂ (ಎಂವಿಪಿ) ಆದ. ಅವನ ಆಟದಲ್ಲಿ ಆಗಲೂ ಓಟದ ಅಬ್ಬರ ಇರಲಿಲ್ಲ. ನಿಲ್ಲುವುದು, ತಡೆಯುವುದು, ಎದುರಾಳಿ ಒಂದು ಹೆಜ್ಜೆ ಜಾಸ್ತಿ ಇಟ್ಟ ಮೇಲೆ ಆ ಸಂದಿಯಲ್ಲಿ ನುಗ್ಗುವುದು. ಇಂಥದ್ದು ಅರ್ಧ ನಿಮಿಷದ ಕ್ಲಿಪ್‌ನಲ್ಲಿ ಕಾಣೋದಿಲ್ಲ.

ಇನ್ನೊಂದು ಕಡೆ 2024ರ ಮಾರ್ಚ್. ರೀಡ್ ಶೆಪರ್ಡ್, ರಾಬ್ ಡಿಲಿಂಗ್‌ಹ್ಯಾಮ್ ಇಬ್ಬರೂ ತಂಡದಲ್ಲಿದ್ದರು. ಆ ಜೂನ್‌ನಲ್ಲಿ, ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಒಬ್ಬ 3ನೇಯವನು, ಇನ್ನೊಬ್ಬ 8ನೇಯವನು. ಅಂಥ ಗಾರ್ಡ್‌ಗಳಿದ್ದೂ ಮಿಶಿಗನ್‌ನ ಓಕ್‌ಲ್ಯಾಂಡ್ ಎದುರು ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ 80-76ಕ್ಕೆ ಸೋತೆವು. ಎದುರಿಗಿದ್ದ ಜ್ಯಾಕ್ ಗೋಲ್ಕಿ 10 ತ್ರೀ (ದೂರದ ಗೆರೆಯಾಚೆಯಿಂದ ಮೂರು ಅಂಕದ ಎಸೆತ) ಹಾಕಿದ. ಡಿವಿಷನ್ 2 ಅನ್ನೋ ಕೆಳಗಿನ ದರ್ಜೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಆಡಿ ಬಂದವನು ಅವನು. ಆ ರಾತ್ರಿಯ ನಂತರ ಈ ಊರಿನವರ ವಾದವೇ ಬದಲಾಯಿತು. ನಿಮ್ಮ ಯಜಮಾನರ ಮಾತು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು!

ಕೊಲಂಬಿಯಾ, ಸೌತ್ ಕ್ಯಾರೊಲಿನಾದಿಂದ

ಅಕ್ಕ, ಒಂದೇ ಒಂದು ಸಲಹೆ ಕೊಡಿ ಅಂದರೆ ನಾನು ಹೇಳೋದು ಇದು: ಆ ಹುಡುಗನ ಪೂರ್ತಿ ಆಟ ಒಂದನ್ನು ನೋಡಿ. ಅದರಲ್ಲೂ ಅವನ ತಂಡ ಸೋತ ಆಟ.

ಜುಲೈನಲ್ಲಿ ನಮ್ಮ ರಾಜ್ಯದ ನಾರ್ತ್ ಆಗಸ್ಟಾದಲ್ಲಿ ಪೀಚ್ ಜ್ಯಾಮ್ ನಡೆಯುತ್ತದೆ. ನೈಕಿಯವರ ಯುವ ಲೀಗ್‌ನ ಕೊನೆಯ ಹಂತ. ದೇಶದ ದೊಡ್ಡ ದೊಡ್ಡ ಕೋಚ್‌ಗಳೆಲ್ಲ ತಮ್ಮ ಕಾಲೇಜಿನ ಅಂಗಿ ಹಾಕಿಕೊಂಡು ಅಂಗಳದ ಅಂಚಿನಲ್ಲಿ ಸಾಲಾಗಿ ಕೂತಿರುತ್ತಾರೆ. ಅಲ್ಲಿಗೆ ಹೋದಾಗ ನಾನು ಆಟದ ಜೊತೆಗೆ ಅವರ ಕಣ್ಣನ್ನೂ ನೋಡುತ್ತಿರುತ್ತೇನೆ. ಹಾರಿ ಚೆಂಡನ್ನು ಬುಟ್ಟಿಯೊಳಗೇ ತುರುಕುವ ಡಂಕ್ ಆದಾಗ ಜನ ಕೂಗುತ್ತಾರೆ, ಕೋಚ್‌ಗಳಲ್ಲಿ ಬಹಳ ಜನ ಅಲುಗಾಡುವುದೂ ಇಲ್ಲ. ಅದೇ ಗಾರ್ಡ್ ಚೆಂಡು ಕಳೆದುಕೊಂಡು ಹಿಂದಕ್ಕೆ ಓಡಿದನಾ, ರೆಫರಿ ಕಡೆ ಕೈ ಬೀಸುತ್ತಾ ನಿಂತನಾ ಅನ್ನೋದಕ್ಕೆ ತಲೆ ತಿರುಗುತ್ತದೆ. ಟೈಮ್‌ಔಟ್‌ನಲ್ಲಿ ಬೆಂಚಿನ ಕೊನೆಯಲ್ಲಿ ಕೂರುತ್ತಾನಾ, ಕೋಚ್ ಬಾಯಿಗೆ ಕಿವಿ ಕೊಟ್ಟು ನಿಲ್ಲುತ್ತಾನಾ, ಅದನ್ನೂ ಬರೆದುಕೊಳ್ಳುತ್ತಾರೆ.

ನಾನು ನೋಡುವುದನ್ನು ಹೇಳುತ್ತೇನೆ. ಮೊದಲನೆಯದು, ಇಬ್ಬರು ಒಟ್ಟಿಗೆ ಮೇಲೆ ಬಿದ್ದಾಗ ಏನು ಮಾಡುತ್ತಾನೆ. ಹೈಸ್ಕೂಲಿನಲ್ಲಿ ವೇಗ ಒಂದಿದ್ದರೆ ಇಬ್ಬರನ್ನೂ ದಾಟಿಬಿಡಬಹುದು. ಕಾಲೇಜಿನಲ್ಲಿ ಎದುರಿಗಿರುವವನೂ ಅಷ್ಟೇ ವೇಗದವನು, ಉದ್ದ ಕೈಯವನು. ಆಗ ಡ್ರಿಬಲ್ ನಿಲ್ಲಿಸದೆ ಎರಡು ಹೆಜ್ಜೆ ಹಿಂದೆ ಬಂದು, ತಲೆ ಎತ್ತಿ, ಖಾಲಿ ಇರುವವನಿಗೆ ಚೆಂಡು ಕೊಡುವ ಹುಡುಗ ಉಳಿಯುತ್ತಾನೆ. ಗಾಬರಿಯಿಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದವನಿಗೆ ಇನ್ನೂ ಎರಡು ವರ್ಷ ಬೇಕು.

ಎರಡನೆಯದು, ಎಡಗೈ. ಬಲಗೈಯವನು ಎಡಕ್ಕೆ ಹೋಗಿ ಎಡಗೈಯಲ್ಲೇ ಮುಗಿಸುತ್ತಾನಾ? ಇಲ್ಲ ಅಂದರೆ ಜನವರಿ ಹೊತ್ತಿಗೆ ಲೀಗ್‌ನ ಎಲ್ಲ ತಂಡಕ್ಕೂ ಗೊತ್ತಾಗಿರುತ್ತದೆ.

ಶೂಟಿಂಗ್ ವಿಷಯಕ್ಕೆ ಬಂದರೆ ತ್ರೀ ಲೆಕ್ಕ ನಂಬಿ ಕೂರಬೇಡಿ. ಹೈಸ್ಕೂಲ್ ಗೆರೆ 19 ಅಡಿ 9 ಇಂಚು. ಕಾಲೇಜು ಗಂಡುಮಕ್ಕಳ ಗೆರೆ 2019ರಿಂದ 22 ಅಡಿ ಒಂದೂಮುಕ್ಕಾಲು ಇಂಚು. ಎರಡು ಅಡಿಗೂ ಜಾಸ್ತಿ ವ್ಯತ್ಯಾಸ! ನಾನು ಫೌಲ್ ಆದಾಗ ಸಿಗುವ ಫ್ರೀ ಥ್ರೋ ಲೆಕ್ಕ ನೋಡುತ್ತೇನೆ. ಆ ಗೆರೆ ಎಲ್ಲ ಕಡೆ 15 ಅಡಿಯೇ, ಅಡ್ಡ ಬರುವವರೂ ಇಲ್ಲ. ಅಲ್ಲಿ ನೂರಕ್ಕೆ ಎಂಬತ್ತೈದು ಹಾಕುವವನ ಕೈ ಒಳ್ಳೆಯ ಕೈ, ದೂರ ತಾನಾಗಿ ಬರುತ್ತದೆ. ಅರವತ್ತರಲ್ಲಿ ಇರುವವನು ಬೇಸಿಗೆ ಟೂರ್ನಿಯಲ್ಲಿ ಎಷ್ಟೇ ತ್ರೀ ಹಾಕಿರಲಿ, ನಾನು ಕಾದು ನೋಡುತ್ತೇನೆ.

ನಮ್ಮ ಕಡೆಯವನೇ ಜಾ ಮೊರಾಂಟ್. ಡಾಲ್ಜೆಲ್ ಅನ್ನೋ ಸಣ್ಣ ಊರು. ಬೇಸಿಗೆ ತಂಡದಲ್ಲಿ, ಮುಂದೆ ದೊಡ್ಡ ಹೆಸರಾದ ಜಯಾನ್ ವಿಲಿಯಮ್ಸನ್ ಜೊತೆ ಆಡಿದವನು, ಆದರೂ ದೊಡ್ಡ ಕಾಲೇಜುಗಳು ಹೆಚ್ಚು ಗಮನಿಸಲಿಲ್ಲ. ಮರ್ರೇ ಸ್ಟೇಟ್‌ನ ಸಹಾಯಕ ಕೋಚ್ ಒಂದು ಕ್ಯಾಂಪ್‌ಗೆ ಬೇರೆ ಹುಡುಗನನ್ನು ನೋಡೋಕೆ ಬಂದಿದ್ದರು. ಏನೋ ತಿಂಡಿ ತೆಗೆದುಕೊಳ್ಳೋಕೆ ಹೋದಾಗ ಪಕ್ಕದ ಜಿಮ್‌ನಲ್ಲಿ ಮೂರು-ಮೂರು ಜನ ಆಡುತ್ತಿದ್ದರು. ಅವರಲ್ಲಿ ಮೊರಾಂಟ್ ಕಣ್ಣಿಗೆ ಬಿದ್ದ. 2019ರ ಡ್ರಾಫ್ಟ್‌ನಲ್ಲಿ ಅವನು 2ನೇಯವನು.

ಇಂಡಿಯಾನಾಪೊಲಿಸ್‌ನಿಂದ

ಮೇಲಿನವರ ಮಾತು ಸರಿ, ಆದರೆ ಸ್ಟಾರ್‌ಗಳಿಗೆ ಬೆಲೆಯೇ ಇಲ್ಲ ಅನ್ನೋ ಹಾಗೆ ಮಾತಾಡೋದು ನನಗೆ ಒಪ್ಪಿಗೆ ಇಲ್ಲ. ಸಣ್ಣ ಕಾಲೇಜಿನಿಂದ ಬಂದು ಎನ್‌ಬಿಎ ತಾರೆಗಳಾದ ಸ್ಟೆಫ್ ಕರಿ, ಲಿಲ್ಲರ್ಡ್, ಮೊರಾಂಟ್ ಹೆಸರು ಎಲ್ಲರ ಬಾಯಲ್ಲಿ ಇರೋದೇ ಅವರಂಥವರು ಅಪರೂಪ ಅಂತ. ಡೆರಿಕ್ ರೋಸ್ ಮೊದಲ ವರ್ಷದಲ್ಲೇ ಮೆಂಫಿಸ್ ತಂಡವನ್ನು 2008ರ ಫೈನಲ್‌ಗೆ ಕರೆದುಕೊಂಡು ಹೋದ. ಅವನಿಗೆ ಸಿಕ್ಕಿದ್ದ ರ‍್ಯಾಂಕ್ ಸುಮ್ನೆ ಸಿಕ್ಕಿದ್ದಲ್ಲ. ತಮ್ಮ, ನಿನ್ನ ಪರವಾಗಿ ಇದನ್ನು ಬರೆಯುತ್ತಿದ್ದೇನೆ, ಅಮ್ಮನಿಗೆ ತೋರಿಸು.

ಅಂಕವೂ ಗೆಲುವೂ ಒಂದೇ ಅಲ್ಲ, ಅದನ್ನೂ ತಿಳಿದಿರು. ಮಾರ್ಕೆಲ್ ಫುಲ್ಟ್ಸ್ ವಾಷಿಂಗ್ಟನ್ ಯೂನಿವರ್ಸಿಟಿಗೆ ಆಡಿದ ವರ್ಷ ತಂಡ ಗೆದ್ದಿದ್ದು 9, ಸೋತಿದ್ದು 22. ಆದರೂ 2017ರ ಡ್ರಾಫ್ಟ್‌ನಲ್ಲಿ ಅವನೇ ಮೊದಲಿಗ. ಅದರ ಮರು ವರ್ಷ ಟ್ರೇ ಯಂಗ್ ಅಂಕದಲ್ಲೂ, ಜೊತೆಗಾರನಿಂದ ಅಂಕ ಹಾಕಿಸುವ ಅಸಿಸ್ಟ್‌ನಲ್ಲೂ ದೇಶಕ್ಕೇ ಮೊದಲು. ಆದರೆ ಅವನ ತಂಡ ಒಕ್ಲಹೋಮ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಅದು ಆ ಹುಡುಗರ ತಪ್ಪು ಅಂತ ನಾನು ಹೇಳಲ್ಲ. ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಅಷ್ಟು ಮುಖ್ಯ. ಚೆಂಡು ಕೈಯಲ್ಲಿ ಇಲ್ಲದಿದ್ದರೆ ಆಡೋಕೇ ಬರದ ಇಬ್ಬರು ಗಾರ್ಡ್‌ಗಳನ್ನು ಒಟ್ಟಿಗೆ ತಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟ ಹಾಗೆ.

ನನ್ನ ಮೆಚ್ಚಿನ ಗಾರ್ಡ್ ಜೇಲನ್ ಬ್ರನ್ಸನ್. ಹೈಸ್ಕೂಲಿನಲ್ಲಿ ಒಳ್ಳೆಯ ರ‍್ಯಾಂಕ್, ಜೊತೆಗೆ ವಿಲನೋವಾದಲ್ಲಿ ಮೂರು ವರ್ಷ ನಿಂತ. 2016, 2018 ಎರಡು ಸಲ ಚಾಂಪಿಯನ್. ಅಷ್ಟಾದರೂ ಡ್ರಾಫ್ಟ್‌ನಲ್ಲಿ 33ನೇಯವನು! ಎನ್‌ಬಿಎಯವರೂ ಗಾರ್ಡ್‌ಗಳನ್ನು ಸರಿಯಾಗಿ ಅಳೆಯೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ಪಕ್ಕದ ವೆಸ್ಟ್‌ಫೀಲ್ಡ್ ಹುಡುಗ ಬ್ರೇಡನ್ ಸ್ಮಿತ್ ಎತ್ತರವೂ ಇಲ್ಲ, ದೊಡ್ಡ ಹೆಸರೂ ಇರಲಿಲ್ಲ. ಅವನ ಕೈಗೆ ಚೆಂಡು ಕೊಟ್ಟು ಪರ್ಡ್ಯೂ 2024ರ ಫೈನಲ್ ತನಕ ಹೋಯಿತು.

ಷಾರ್ಲೆಟ್‌ನಿಂದ

ನನ್ನ ಮಗಳು ಇಲ್ಲಿನ ಹೈಸ್ಕೂಲಿನಲ್ಲಿ ಪಾಯಿಂಟ್ ಗಾರ್ಡ್. ಅಪ್ಪನಾಗಿ ಒಂದು ಮಾತು.

ಡೇವಿಡ್‌ಸನ್ ಕಾಲೇಜು ನಮ್ಮ ಮನೆಗೆ ಹತ್ತಿರ. ಸ್ಟೆಫ್ ಕರಿಗೆ ಅಪ್ಪ ಓದಿದ ವರ್ಜೀನಿಯಾ ಟೆಕ್‌ನಿಂದಲೇ ಸ್ಕಾಲರ್‌ಶಿಪ್ ಬರಲಿಲ್ಲ, ಹಾಗೇ ಬಂದು ತಂಡ ಸೇರು ಅಂದಿದ್ದರು. ಮೈ ಸಣ್ಣ ಅನ್ನೋದು ಎಲ್ಲರ ದೂರು. ಡೇವಿಡ್‌ಸನ್‌ನ ಕೋಚ್ ಬಾಬ್ ಮೆಕಿಲಪ್ ಅವನನ್ನು ಬಿಡಲಿಲ್ಲ. 2008ರಲ್ಲಿ ಎಂಟರ ಘಟ್ಟ ತಲುಪಿ, ಮುಂದೆ ಚಾಂಪಿಯನ್ ಆದ ಕಾನ್ಸಾಸ್‌ಗೆ ಎರಡೇ ಅಂಕದಲ್ಲಿ ಸೋತರು.

ಈ ಮಕ್ಕಳಿಗೆ ಹದಿನಾರು, ಹದಿನೇಳು ವಯಸ್ಸು. ಮೈ ಇನ್ನೂ ಬೆಳೆಯುತ್ತಿರುತ್ತದೆ. ಬೇರೆ ಕಾಲೇಜು ಆರಿಸಿಕೊಂಡರು ಅಂತ ಅವರ ಫೋನಿಗೆ ಕೆಟ್ಟದಾಗಿ ಬರೆಯುವ ದೊಡ್ಡವರನ್ನು ನಾನು ನೋಡಿದ್ದೇನೆ. ಮಗಳ ಗೆಳತಿಯೊಬ್ಬಳು ಅದನ್ನು ಓದಿ ಅತ್ತಿದ್ದಾಳೆ. ಮನೆಯಲ್ಲಿ ಎಷ್ಟು ಬೇಕಾದರೂ ವಾದ ಮಾಡಿ, ಆದರೆ ಆ ಮಕ್ಕಳ ತನಕ ಅದು ಹೋಗಬಾರದು.

ಗೇನ್ಸ್‌ವಿಲ್, ಫ್ಲೋರಿಡಾದಿಂದ

ನಿಮ್ಮ ಯಜಮಾನರಿಗೆ ನನ್ನ ವೋಟು. 2025ರಲ್ಲಿ ಚಾಂಪಿಯನ್ ಆದ ನಮ್ಮ ಫ್ಲೋರಿಡಾ ತಂಡದ ಮೂವರು ಮುಖ್ಯ ಗಾರ್ಡ್‌ಗಳೂ ಬೇರೆ ಕಾಲೇಜಿನಿಂದ ಬಂದವರು. ವಾಲ್ಟರ್ ಕ್ಲೇಟನ್ ಅಯೋನಾದಿಂದ, ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ, ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ.

ಫೈನಲ್ ಸಾಧ್ಯವಾದರೆ ಮತ್ತೆ ನೋಡಿ. ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು 34 ಅಂಕ ಹಾಕಿದ್ದ ಕ್ಲೇಟನ್, ಹ್ಯೂಸ್ಟನ್ ಎದುರು ಮೊದಲರ್ಧದಲ್ಲಿ ಒಂದೂ ಅಂಕ ಹಾಕಲಿಲ್ಲ. ಹಿಡಿದು ಕಟ್ಟಿಹಾಕಿದ್ದರು. ಬೇಸರ ಮಾಡಿಕೊಂಡು ಸಿಕ್ಕಸಿಕ್ಕ ಕಡೆಯಿಂದ ಎಸೆಯಬಹುದಿತ್ತು, ಹಾಗೆ ಮಾಡಲಿಲ್ಲ. ಕೊನೆಯಲ್ಲಿ 65-63. ಹ್ಯೂಸ್ಟನ್‌ನ ಎಮ್ಯಾನುಯೆಲ್ ಶಾರ್ಪ್ ಗೆಲ್ಲುವ ತ್ರೀಗೆ ಮೇಲೆದ್ದ. ಕ್ಲೇಟನ್ ಓಡಿ ಬಂದು ಕೈ ಎತ್ತಿ ಎದುರು ಹಾರಿದ. ಶಾರ್ಪ್‌ಗೆ ಎಸೆಯಲು ಜಾಗವೇ ಇಲ್ಲ, ಗಾಳಿಯಲ್ಲೇ ಚೆಂಡು ಕೈಬಿಟ್ಟ. ತಾನೇ ಮುಟ್ಟಿದರೆ ಟ್ರಾವೆಲಿಂಗ್ ಅನ್ನೋ ತಪ್ಪು ಆಗುತ್ತದೆ ಅಂತ ಮುಟ್ಟಲೂ ಆಗದೆ ನಿಂತ. ಆ ಚೆಂಡು ನೆಲದ ಮೇಲೆ ಪುಟಿಯುತ್ತಿದ್ದಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾರೂ ಉಸಿರಾಡಲಿಲ್ಲ. ಟೂರ್ನಿಯ ಕೊನೆಯ ಹಂತದ ಶ್ರೇಷ್ಠ ಆಟಗಾರ ಕ್ಲೇಟನ್. ಅಂಕ ಬಾರದ ರಾತ್ರಿಯಲ್ಲೂ ತಂಡಕ್ಕೆ ಬೇಕಾಗುವವನೇ ಗಾರ್ಡ್ ಅಂತ ನಾನು ಆ ದಿನದಿಂದ ಹೇಳುತ್ತಾ ಬಂದಿದ್ದೇನೆ.

ಇದು ಎಂದೋ ಒಮ್ಮೆ ಆಗುವ ಪವಾಡವೂ ಅಲ್ಲ. 2024ರ ಫೈನಲ್ಸ್‌ನ ಶ್ರೇಷ್ಠ ಆಟಗಾರ, ಯುಕಾನ್‌ನ (ಕನೆಕ್ಟಿಕಟ್ ಯೂನಿವರ್ಸಿಟಿ) ಟ್ರಿಸ್ಟನ್ ನ್ಯೂಟನ್, ಈಸ್ಟ್ ಕ್ಯಾರೊಲಿನಾದಿಂದ ಬಂದವನು. 2021ರಲ್ಲಿ ಸೋಲೇ ಕಾಣದ ಗೊನ್ಜಾಗಾವನ್ನು 86-70ಕ್ಕೆ ಕೆಡವಿದ ಬೇಲರ್‌ನ ಡೇವಿಯನ್ ಮಿಚೆಲ್ ಮೊದಲು ಆಬರ್ನ್‌ನಲ್ಲಿದ್ದ. 2021ರಿಂದ ಹುಡುಗರು ಒಂದು ವರ್ಷ ಆಟ ಬಿಟ್ಟು ಕೂರದೆ ಕಾಲೇಜು ಬದಲಾಯಿಸಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು. ಹಾಗಿರುವಾಗ ಕೋಚ್‌ಗಳು ಹದಿನೆಂಟರ ಹುಡುಗನಿಗೆ ಕಾಯುವ ಬದಲು ಇಪ್ಪತ್ತೆರಡರವನನ್ನು ತರುತ್ತಾರೆ, ಅಲ್ವಾ?

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಊಟದ ಹೊತ್ತಿಗೆ ಓದಿ ಹೇಳಿದೆ. ಮಗ ಇಂಡಿಯಾನಾಪೊಲಿಸ್‌ನವರ ಉತ್ತರವನ್ನು ಎರಡು ಸಲ ಓದಿಸಿದ! ಒಂದು ಡೌಟು ಉಳಿದಿದೆ. ಸಣ್ಣ ಕಾಲೇಜಿನಲ್ಲಿ ಇಪ್ಪತ್ತು ಅಂಕ ಹಾಕಿದವನು ಇಲ್ಲಿ ಬಂದೂ ಹಾಕುತ್ತಾನೆ ಅಂತ ಹೇಗೆ ನಂಬೋದು?

ಕೊಲಂಬಿಯಾದಿಂದ ಮತ್ತೆ

ಇಪ್ಪತ್ತು ಹಾಕೋದಿಲ್ಲ ಅಂತಲೇ ಅಂದುಕೊಳ್ಳಿ ಅಕ್ಕ. ಕ್ಲೇಟನ್‌ನಂಥವರು ಬೇರೆ, ಉಳಿದವರಿಗೆ ಇಲ್ಲಿ ಚೆಂಡು ಅಷ್ಟು ಹೊತ್ತು ಸಿಗೋದೂ ಇಲ್ಲ. ಸಣ್ಣ ಕಾಲೇಜುಗಳು ನವೆಂಬರ್, ಡಿಸೆಂಬರ್‌ನಲ್ಲಿ ದೊಡ್ಡ ತಂಡಗಳ ಅಂಗಳಕ್ಕೆ ಹೋಗಿ ಆಡುತ್ತವೆ. ಆ ಆಟಗಳ ಲೆಕ್ಕ ಮಾತ್ರ ಬೇರೆ ತೆಗೆದು ನೋಡಿ. ಅಲ್ಲಿ ಅಂಕ ಇಳಿದಿದ್ದರೂ ಪರವಾಗಿಲ್ಲ, ಟರ್ನೋವರ್ (ಎದುರಾಳಿಗೆ ಚೆಂಡು ಕಳೆದುಕೊಳ್ಳೋದು) ಏರಿರಬಾರದು. ಎದುರು ತಂಡದ ಗಾರ್ಡ್ ಇವನನ್ನು ಸುಲಭವಾಗಿ ದಾಟಿ ಹೋಗುತ್ತಿದ್ದನಾ ಅಂತಲೂ ನೋಡಿ. ಆ ಹುಡುಗನ ಕಾಲೇಜು ಯಾವುದು ಹೇಳಿ, ಅಂಥ ಯಾವ ಆಟ ನೋಡಬಹುದು ಅಂತ ಹುಡುಕಿ ತಿಳಿಸುತ್ತೇನೆ.