ಫೋರ್ಡ್ ಎಫ್-650/750: ಎಂಜಿನ್, ಗೇರ್‌ಬಾಕ್ಸ್, ಚಾಸಿಸ್ ಎಲ್ಲ ಒಂದೇ ಕಂಪನಿಯದಾದ ಮೇಲೆ ಹಳೆಯ ಬಾಡಿ ಕೂರುತ್ತದೆಯೇ?

ಆಕ್ಸಲ್‌ಲೋಡ್ (ಪ್ರಶ್ನೆ)

2015ರವರೆಗಿನ ಎಫ್-650, ಎಫ್-750ರಲ್ಲಿ ಕಮಿನ್ಸ್ ಕಂಪನಿಯ 6.7 ಲೀಟರ್ ಡೀಸೆಲ್ ಎಂಜಿನ್ ಇತ್ತು, ಅದರ ಹಿಂದೆ ಹೆಚ್ಚಾಗಿ ಅಲಿಸನ್ ಗೇರ್‌ಬಾಕ್ಸ್. ಲಾರಿ ತಯಾರಾಗುತ್ತಿದ್ದದ್ದು ಮೆಕ್ಸಿಕೊದ ಎಸ್ಕೊಬೆಡೊದಲ್ಲಿ, ಇನ್ನೊಂದು ಲಾರಿ ಕಂಪನಿ ನ್ಯಾವಿಸ್ಟಾರ್ ಜೊತೆ ಕಟ್ಟಿಕೊಂಡಿದ್ದ ಬ್ಲೂ ಡೈಮಂಡ್ ಕಾರ್ಖಾನೆಯಲ್ಲಿ. 2016ರ ಮಾಡೆಲ್‌ನಿಂದ ಲಾರಿ ಜೋಡಣೆ ಅಮೆರಿಕದ ಒಹಾಯೊದ ಏವನ್ ಲೇಕ್‌ಗೆ ಬಂತು. ಈಗ ಎಂಜಿನ್ ಫೋರ್ಡಿನದೇ ಪವರ್ ಸ್ಟ್ರೋಕ್, ಗೇರ್‌ಬಾಕ್ಸ್ ಫೋರ್ಡಿನದೇ ಟಾರ್ಕ್‌ಶಿಫ್ಟ್. ಎರಡು ಸಂದೇಹಗಳಿವೆ. ಪಿಕಪ್ಪಿನ ಎಂಜಿನ್ನನ್ನೇ ಎತ್ತಿ ದೊಡ್ಡ ಲಾರಿಗೆ ಹಾಕಿದ್ದಾರೆ ಅನ್ನುತ್ತಾರಲ್ಲ, ಅದು ಬಾಳಿಕೆ ಬರುತ್ತದೆಯೇ? ಹಳೆಯ ಲಾರಿಯ ಟಿಪ್ಪರ್ ಬಾಡಿ, ಪಿಟಿಒ (ಗೇರ್‌ಬಾಕ್ಸ್‌ನಿಂದ ಶಕ್ತಿ ತೆಗೆದು ಪಂಪಿಗೆ ಕೊಡುವ ಘಟಕ), ಹೈಡ್ರಾಲಿಕ್ ಪಂಪು ಬಿಚ್ಚಿ ಹೊಸ ಚಾಸಿಸ್‌ಗೆ ಕೂರಿಸಬಹುದೇ?

ಕ್ರ್ಯಾಂಕ್‌ಕೇಸ್

ಮೊದಲ ಸಂದೇಹಕ್ಕೆ: ಹೌದು, ಮೂಲ ಎಂಜಿನ್ ಫೋರ್ಡಿನ ಸೂಪರ್ ಡ್ಯೂಟಿ ಪಿಕಪ್ಪಿನದೇ. ಆದರೆ ಸೆಟ್ಟಿಂಗ್ ಬೇರೆ. 2015–16ರ ಪಿಕಪ್ಪಿನಲ್ಲಿ ಅದೇ 6.7 ಲೀಟರ್ ಪವರ್ ಸ್ಟ್ರೋಕ್ ಎಂಜಿನ್ 440 ಅಶ್ವಶಕ್ತಿ, 860 ಪೌಂಡ್-ಅಡಿ ಟಾರ್ಕ್ ಕೊಡುತ್ತಿತ್ತು. 2016ರ ಎಫ್-650ಕ್ಕೆ ಬಂದಾಗ ಆರಂಭದ ಮಟ್ಟ 270 ಅಶ್ವಶಕ್ತಿ, 675 ಪೌಂಡ್-ಅಡಿಗೆ ಇಳಿಯಿತು. ಪಿಕಪ್ಪಿಗೆ ಪೂರ್ತಿ ಶಕ್ತಿ ಬೇಕಾಗುವುದು ಒಂದೊಂದು ಏರಿನಲ್ಲಿ ಮಾತ್ರ. ಒಟ್ಟು ಹನ್ನೊಂದು ಟನ್ ತೂಗುವ ಲಾರಿ ಗಂಟೆಗಟ್ಟಲೆ ಆ ಮಟ್ಟದಲ್ಲೇ ದುಡಿಯುತ್ತದೆ. ಪಿಸ್ಟನ್, ಟರ್ಬೊ, ಹೆಡ್ ಗ್ಯಾಸ್ಕೆಟ್ ಮೂರೂ ತಡೆದುಕೊಳ್ಳಬೇಕಾದ ಬಿಸಿ ಅದು. ಅದಕ್ಕೇ ಶಕ್ತಿ ಇಳಿಸಿದ್ದು. ಹಾಗಾಗಿ ಟ್ಯೂನರ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ಸಾಧನ) ಹಾಕಿಸಿ ಪಿಕಪ್ಪಿನ ಶಕ್ತಿ ತೆಗೆಯುವವರು ಆ ಲೆಕ್ಕವನ್ನೇ ಕೆಡಿಸುತ್ತಾರೆ. ದಯವಿಟ್ಟು ಆ ದಾರಿ ಬೇಡ.

ಎಂಜಿನ್ ರಚನೆಯೂ ಬೇರೆ. ಕಮಿನ್ಸ್‌ನದು ಸಾಲಾಗಿ ನಿಂತ ಆರು ಸಿಲಿಂಡರ್, ಇದು ವಿ8. ಬೋರ್ 99 ಮಿ.ಮೀ, ಸ್ಟ್ರೋಕ್ 108 ಮಿ.ಮೀ. ಬ್ಲಾಕ್ ಕಾಂಪ್ಯಾಕ್ಟೆಡ್ ಗ್ರಾಫೈಟ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಎಕ್ಸಾಸ್ಟ್ ಒಳಮುಖವಾಗಿ ವಿ ಕಣಿವೆಗೆ ಬರುತ್ತದೆ, ಟರ್ಬೊ ಕೂರುವುದೂ ಅಲ್ಲೇ. ಟರ್ಬೊಗೆ ಹೋಗುವ ದಾರಿ ಗಿಡ್ಡವಾದ್ದರಿಂದ ಬೂಸ್ಟ್ ಬೇಗ ಬರುತ್ತದೆ. ಆದರೆ ಬಿಸಿಯೆಲ್ಲ ಎಂಜಿನ್ನಿನ ನಡುವೆಯೇ ನಿಲ್ಲುವುದರಿಂದ ಅಲ್ಲಿಯ ವೈರಿಂಗ್, ಹೋಸ್, ಸೆನ್ಸರ್ ಕನೆಕ್ಟರ್‌ಗಳನ್ನು ಪ್ರತಿ ಸರ್ವಿಸ್‌ನಲ್ಲೂ ಕೈಯಿಂದ ಮುಟ್ಟಿ ನೋಡಬೇಕು. ಗಟ್ಟಿಯಾಗಿ ಸಿಡಿಯುವಂತಾಗಿದ್ದರೆ ಆಗಲೇ ಬದಲಿಸಿ.

ಕಂಪನಿ ಇದನ್ನೆಲ್ಲ ಒಳಗೇ ಮಾಡಿಕೊಂಡದ್ದಕ್ಕೆ ದುಡ್ಡಿನ ಕಾರಣ ಇದ್ದೇ ಇದೆ: ಒಂದೇ ಎಂಜಿನ್ನಿನ ಸಂಖ್ಯೆ ಜಾಸ್ತಿ, ಹೊರಗಿನ ಪೂರೈಕೆದಾರರಿಗೆ ಹೋಗುವ ಲಾಭ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡದು ಹೊಣೆಯ ಪ್ರಶ್ನೆ. ಹಿಂದೆ ಪವರ್ ಸ್ಟ್ರೋಕ್ ಡೀಸೆಲ್‌ಗಳನ್ನು ಮಾಡಿಕೊಡುತ್ತಿದ್ದದ್ದು ನ್ಯಾವಿಸ್ಟಾರ್. ವಾರಂಟಿ ಖರ್ಚು ಯಾರ ತಲೆಗೆ ಎಂದು 2007ರಲ್ಲಿ ಎರಡೂ ಕಂಪನಿಗಳು ಕೋರ್ಟು ಹತ್ತಿದವು, 2009ರಲ್ಲಿ ರಾಜಿಯಾಯಿತು. 2011ರ ಮಾಡೆಲ್‌ಗೆ ಫೋರ್ಡ್ ತನ್ನದೇ 6.7 ತಂದಿತು. ಹಾಗಂತ ಎಲ್ಲ ತಯಾರಕರೂ ಇದೇ ದಾರಿ ಹಿಡಿದಿಲ್ಲ. ಡೈಮ್ಲರ್ 2021ರಲ್ಲಿ ಮಧ್ಯಮ ಭಾರದ ಎಂಜಿನ್ನುಗಳನ್ನು ಕಮಿನ್ಸ್‌ಗೆ ಒಪ್ಪಿಸುವ ಒಪ್ಪಂದ ಮಾಡಿಕೊಂಡಿತು.

ಇನ್ನೊಂದು ಮಾತು. ಒಳಗೇ ಮಾಡುತ್ತಾರೆ ಅಂದರೆ ಎಲ್ಲವೂ ಒಂದೇ ಛಾವಣಿಯಡಿ ಅಂತಲ್ಲ. ಡೀಸೆಲ್ ಎಂಜಿನ್ ಮೆಕ್ಸಿಕೊದ ಚಿಹುವಾಹುವಾದಿಂದ, ಗೇರ್‌ಬಾಕ್ಸ್ ಒಹಾಯೊದ ಶಾರನ್‌ವಿಲ್‌ನಿಂದ ಬರುತ್ತದೆ. ಆಕ್ಸಲ್, ಏರ್ ಬ್ರೇಕ್ ಮುಂತಾದವು ಈಗಲೂ ಬಿಡಿಭಾಗ ತಯಾರಕರವೇ. ಪಾರ್ಟ್ ತರಿಸುವಾಗ ಆಕ್ಸಲ್ ಟ್ಯಾಗ್ ನಂಬರ್ ನೋಡಿಯೇ ತರಿಸಿ.

ಸಬ್‌ಫ್ರೇಮ್

ಬಾಡಿ, ಪಿಟಿಒ ವಿಷಯಕ್ಕೆ ಬರುತ್ತೇನೆ. ತಪ್ಪು ಹೆಚ್ಚಾಗುವುದು ಇಲ್ಲೇ.

ಹಳೆಯ ಪಿಟಿಒ ಮರೆತುಬಿಡಿ. ಅಲಿಸನ್ 2000 ಸರಣಿಯಲ್ಲಿ ಪಿಟಿಒ ಗೇರು ತಿರುಗುವುದು ಟಾರ್ಕ್ ಕನ್ವರ್ಟರಿನ ಟರ್ಬೈನಿನಿಂದ, ಅಂದರೆ ಅದರ ಗೇರ್‌ಬಾಕ್ಸ್ ಕಡೆಯ ಚಕ್ರದಿಂದ. ಲಾರಿ ಗೇರಿನಲ್ಲಿದ್ದು ಬ್ರೇಕ್ ಹಿಡಿದು ನಿಂತರೆ ಟರ್ಬೈನ್ ನಿಲ್ಲುತ್ತದೆ, ಪಂಪೂ ನಿಲ್ಲುತ್ತದೆ. ಟಾರ್ಕ್‌ಶಿಫ್ಟ್‌ನಲ್ಲಿ ಪಿಟಿಒ ಗೇರು ಎಂಜಿನ್ನಿಗೇ ಕಟ್ಟಿಕೊಂಡಿದೆ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತದೆ. ಹಾಗಾಗಿ ಹಲ್ಲಿಗೆ ಹಲ್ಲು ಸೇರಿಸುವ ಸಾದಾ ಪಿಟಿಒ ಹಾಕಿದರೆ ಗೇರು ಕಚ್ಚಿ ಹಾಳಾಗುತ್ತದೆ, ಕ್ಲಚ್ ಇರುವ ಪಿಟಿಒ ಬೇಕು. ಕ್ಲಚ್ ಬಿಡಿಸಲು ಮರೆತರೆ ಪಂಪು ದಾರಿಯುದ್ದಕ್ಕೂ ತಿರುಗಿ ಎಣ್ಣೆ ಕಾಯುತ್ತದೆ. ಕ್ಯಾಬಿನಲ್ಲಿ ಎಚ್ಚರಿಕೆ ದೀಪ, ಬಜರ್ ಎರಡೂ ಹಾಕಿಸಿ.

ಪಂಪನ್ನು ಮಾತ್ರ ಉಳಿಸಿಕೊಳ್ಳಬಹುದು, ಲೆಕ್ಕ ಹೊಂದಿದರೆ. ಉದಾಹರಣೆಗೆ ಒಂದು ಸುತ್ತಿಗೆ 50 ಸಿಸಿ ತಳ್ಳುವ ಪಂಪು 1,000 ಆರ್‌ಪಿಎಮ್‌ನಲ್ಲಿ ನಿಮಿಷಕ್ಕೆ 50 ಲೀಟರ್ ಕೊಡುತ್ತದೆ. 200 ಬಾರ್ ಒತ್ತಡಕ್ಕೆ ಅದಕ್ಕೆ ಬೇಕಾಗುವ ಟಾರ್ಕ್ ಸುಮಾರು 160 ನ್ಯೂಟನ್-ಮೀಟರ್, ಸೋರಿಕೆ-ಘರ್ಷಣೆ ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಹೊಸ ಪಿಟಿಒ ಅನುಪಾತ ಹಳೆಯದಕ್ಕಿಂತ 30% ಹೆಚ್ಚಿದ್ದರೆ ಅದೇ ಎಂಜಿನ್ ವೇಗಕ್ಕೆ 65 ಲೀಟರ್ ಹರಿಯುತ್ತದೆ. ವಾಲ್ವ್, ಹೋಸ್ ಹಳೆಯ ಅಳತೆಯವೇ ಆಗಿದ್ದರೆ ಹೆಚ್ಚಿನ ಹರಿವೆಲ್ಲ ಬಿಸಿಯಾಗಿ ಹೋಗುತ್ತದೆ. ತಿರುಗುವ ದಿಕ್ಕನ್ನೂ ನೋಡಿಕೊಳ್ಳಿ. ತಿರುವುಮುರುವಾದರೆ ಶಾಫ್ಟ್ ಸೀಲು ಮೊದಲ ದಿನವೇ ಕಿತ್ತುಬರಬಹುದು.

ಗೇರ್‌ಬಾಕ್ಸ್ ಎಣ್ಣೆ ಮರ್ಕಾನ್ ಎಲ್‌ವಿ. ಅಲಿಸನ್‌ಗೆ ತಂದಿಟ್ಟ ಟಿಇಎಸ್-295 ಡಬ್ಬ ಇದಕ್ಕೆ ಸುರಿಯಬೇಡಿ.

ಇನ್ನು ಚಾಸಿಸ್. ಚಾಸಿಸ್‌ನ ಉದ್ದ ತೊಲೆಯೇ ರೈಲು. ಅದರ ಬಲ ಅಂದರೆ ಸೆಕ್ಷನ್ ಮಾಡ್ಯುಲಸ್ (ಅಡ್ಡಕೊಯ್ತದ ಆಕಾರದಿಂದ ಬರುವ ಅಳತೆ) ಗುಣಿಸು ಉಕ್ಕಿನ ಯೀಲ್ಡ್ ಬಲ (ಉಕ್ಕು ಶಾಶ್ವತವಾಗಿ ಬಾಗತೊಡಗುವ ಮಟ್ಟ). 15 ಘನ ಇಂಚಿನ ರೈಲು 50,000 ಪಿಎಸ್‌ಐ ಉಕ್ಕಿನದಾದರೆ 7.5 ಲಕ್ಷ ಇಂಚು-ಪೌಂಡ್. ಅದೇ ಆಕಾರ 1,20,000 ಪಿಎಸ್‌ಐ ಉಕ್ಕಿನದಾದರೆ 18 ಲಕ್ಷ. ಆದರೆ ಬಾಗುವ ಪ್ರಮಾಣ ಎರಡರಲ್ಲೂ ಒಂದೇ, ಏಕೆಂದರೆ ಉಕ್ಕಿನ ಗಡಸುತನ ಹೆಚ್ಚಿದರೂ ಅದರ ಸ್ಥಿತಿಸ್ಥಾಪಕ ಗುಣಾಂಕ ಬದಲಾಗುವುದಿಲ್ಲ. ಬಲ ಜಾಸ್ತಿ ಅಂತ ತೆಳು ರೈಲು ಆರಿಸಿಕೊಂಡರೆ ಬಾಡಿ ಹೆಚ್ಚು ಕುಲುಕಿ ಬಿರುಕು ಬಿಡುವುದು ಇದಕ್ಕೇ.

1,20,000 ಪಿಎಸ್‌ಐ ರೈಲು ಹೀಟ್ ಟ್ರೀಟ್ ಆದದ್ದು. ಅದಕ್ಕೆ ವೆಲ್ಡಿಂಗ್ ಬೇಡ, ಗ್ಯಾಸ್ ಕಟರಿನಿಂದ ತೂತು ಬೇಡ. ಫ್ಲಾಂಜಿಗೆ (ರೈಲಿನ ಮೇಲಿನ, ಕೆಳಗಿನ ಅಡ್ಡ ಪಟ್ಟಿ) ಯಾವತ್ತೂ ತೂತು ಕೊರೆಯಬೇಡಿ. ಕೊರೆಯಲೇಬೇಕಾದರೆ ನಡುವಿನ ಲಂಬ ಭಾಗದಲ್ಲಿ, ಬಾಡಿ ಬಿಲ್ಡರ್ ಪುಸ್ತಕ ಹೇಳುವ ಅಂತರ ಬಿಟ್ಟು, ಡ್ರಿಲ್ಲಿನಿಂದಲೇ ಕೊರೆಯಿರಿ. ಬೋಲ್ಟು ಗ್ರೇಡ್ 8, ಎರಡೂ ಕಡೆ ಗಟ್ಟಿ ವಾಷರ್. ಬಾಡಿಗೂ ರೈಲಿಗೂ ನಡುವೆ ಕೂರುವ ಸಬ್‌ಫ್ರೇಮಿನ ಮುಂದಿನ ತುದಿಯನ್ನು ಇಳಿಜಾರಾಗಿ ಕತ್ತರಿಸಿ. ಚೌಕವಾಗಿ ಬಿಟ್ಟರೆ ಭಾರವೆಲ್ಲ ಆ ಒಂದು ಗೆರೆಯ ಮೇಲೆ ಬಿದ್ದು, ಕ್ಯಾಬಿನ ಹಿಂದೆಯೇ ರೈಲು ಸೀಳುತ್ತದೆ.

ಆಕ್ಸಲ್‌ಲೋಡ್

ತುಂಬ ಉಪಯೋಗವಾಯಿತು ಸರ್. ಡೀಸೆಲ್ ಪಂಪು ಒಡೆದರೆ ಇಡೀ ಫ್ಯುಯೆಲ್ ಲೈನೇ ಹೋಗುತ್ತದೆ ಅಂತಾರೆ, ಅದನ್ನೂ ಯಾರಾದರೂ ಬಿಡಿಸಿ ಹೇಳಿ.

ನಾಝಲ್‌ತುದಿ

ಅದು ನಿಜ. ಪಂಪು ಬಾಷ್ ಸಿಪಿ4.2, ಒತ್ತಡ ಸುಮಾರು 2,000 ಬಾರ್. ಒಳಗಿನ ಕ್ಯಾಮ್, ರೋಲರ್, ಪ್ಲಂಜರ್‌ಗಳಿಗೆ ಜಾರುವಿಕೆ ಕೊಡುವುದು ಡೀಸೆಲ್ಲೇ, ಬೇರೆ ಎಣ್ಣೆ ಇಲ್ಲ. ಅಮೆರಿಕದ ಡೀಸೆಲ್ ಮಾನದಂಡ ಜಾರುವಿಕೆಯ ಪರೀಕ್ಷೆಯಲ್ಲಿ ಬೀಳುವ ಸವೆತದ ಗುರುತನ್ನು 520 ಮೈಕ್ರಾನ್‌ವರೆಗೆ ಒಪ್ಪುತ್ತದೆ, ಯುರೋಪಿನದು 460ಕ್ಕೇ ನಿಲ್ಲಿಸುತ್ತದೆ. ಅಂದರೆ ಅಮೆರಿಕದ ಡೀಸೆಲ್‌ಗೆ ಜಾರುವಿಕೆ ಕಡಿಮೆ ಇರಬಹುದು. ಅದಕ್ಕೆ ನೀರೋ ಗಾಳಿಯೋ ಸೇರಿದರೆ ರೋಲರ್ ಉರುಳುವ ಬದಲು ಉಜ್ಜತೊಡಗುತ್ತದೆ. ಉದುರಿದ ಲೋಹದ ಪುಡಿ ಡೀಸೆಲ್ ಹಂಚುವ ಫ್ಯುಯೆಲ್ ರೈಲಿಗೂ ಇಂಜೆಕ್ಟರಿಗೂ ಹೋಗುತ್ತದೆ, ರಿಟರ್ನ್ ಲೈನಿನಿಂದ ಟ್ಯಾಂಕಿಗೂ ಇಳಿಯುತ್ತದೆ.

ಚಾಸಿಸ್ ಮೇಲಿನ ಫಿಲ್ಟರಿನ ನೀರನ್ನು ತಿಂಗಳಿಗೊಮ್ಮೆ ಪಾರದರ್ಶಕ ಬಾಟಲಿಗೆ ಬಿಟ್ಟು ನೋಡಿ, ದೀಪ ಹತ್ತಲಿ ಅಂತ ಕಾಯಬೇಡಿ. ಫಿಲ್ಟರ್ ಎರಡಿವೆ: ಒಂದು ಚಾಸಿಸ್ ಮೇಲೆ, ಇನ್ನೊಂದು ಎಂಜಿನ್ ಮೇಲೆ. ಎರಡನ್ನೂ ಒಟ್ಟಿಗೇ ಬದಲಿಸಿ. ಬದಲಿಸಿದ ಮೇಲೆ ಸ್ಟಾರ್ಟರ್ ಎಳೆಯುವ ಮೊದಲು ಇಗ್ನಿಷನ್ 30 ಸೆಕೆಂಡ್ ಆನ್ ಮಾಡಿ ಆಫ್ ಮಾಡಿ. ಹೀಗೆ ಐದಾರು ಸಲ ಮಾಡಿದರೆ ಕೆಳಗಿನ (ಚಾಸಿಸ್ ಮೇಲಿನ, ಕಡಿಮೆ ಒತ್ತಡದ) ಪಂಪು ಗಾಳಿಯನ್ನು ಹೊರಗೆ ತಳ್ಳುತ್ತದೆ. ಒಣ ಪಂಪನ್ನು ತಿರುಗಿಸಿದರೆ ಆ ಕೆಲವೇ ಕ್ಷಣ ಸಾಕು ಹಾಳಾಗಲು.

ಡಿಇಎಫ್ (ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ತಿರುಗಿಸಲೇಬೇಡಿ. ಕೀ ಆನ್ ಆದ ಕೂಡಲೇ ಕೆಳಗಿನ ಪಂಪು ಓಡಿ ಅದನ್ನು ಮೇಲಕ್ಕೆ ಕಳಿಸುತ್ತದೆ. ಮೊದಲು ಟ್ಯಾಂಕು ಇಳಿಸಿ ತೊಳೆಯಿರಿ.

ಲಾರಿ ಏಕಾಏಕಿ ಸ್ಟಾರ್ಟ್ ಆಗದೆ ನಿಂತರೆ ಪಂಪಿನ ಮೇಲಿನ ಮೀಟರಿಂಗ್ ವಾಲ್ವ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಜಾಲರಿಯಲ್ಲಿ ಮಿನುಗುವ ಕಣ ಕಂಡರೆ ಪಂಪೊಂದನ್ನೇ ಬದಲಿಸಿ ಓಡಿಸಬೇಡಿ. ಪಂಪು, ಎರಡೂ ಫ್ಯುಯೆಲ್ ರೈಲು, ಎಂಟು ಇಂಜೆಕ್ಟರ್, ಹೈ-ಪ್ರೆಶರ್ ಪೈಪುಗಳು, ಎರಡೂ ಫಿಲ್ಟರ್ ಎಲ್ಲ ಹೊಸದಾಗಬೇಕು. ಟ್ಯಾಂಕು, ರಿಟರ್ನ್ ಲೈನು ತೊಳೆಯಬೇಕು. ರಿಟರ್ನ್ ಲೈನಿನಲ್ಲಿ ಉಳಿದ ಚಿಟಿಕೆ ಪುಡಿಯೇ ಹೊಸ ಪಂಪನ್ನೂ ತಿನ್ನುತ್ತದೆ.