ಪ್ರಿಂಟ್ ಸ್ಪೂಲರ್ ದಿನಾ ನಿಂತುಹೋಗುತ್ತಿದೆ, ಫಾರ್ಮ್ಯಾಟ್ ಮಾಡಿಸದೆ ಸರಿಮಾಡೋಕೆ ಆಗುತ್ತಾ?

ಟ್ಯೂಷನ್ ಅಕ್ಕ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಪ್ರತಿ ಭಾನುವಾರ ಟೆಸ್ಟ್ ಇರುತ್ತೆ, ಪ್ರಶ್ನೆಪತ್ರಿಕೆ ನಾನೇ ಟೈಪ್ ಮಾಡಿ ಮನೆ ಪ್ರಿಂಟರಲ್ಲೇ ತೆಗೆಯುತ್ತೇನೆ. ಮೂರು ವಾರದಿಂದ ಒಂದೇ ಗೋಳು. ಕಂಪ್ಯೂಟರ್ ಆನ್ ಮಾಡಿದಾಗ ಪ್ರಿಂಟರ್ ಕಾಣಿಸುತ್ತೆ, ಹತ್ತು ನಿಮಿಷಕ್ಕೆ ಪಟ್ಟಿಯಿಂದಲೇ ಮಾಯ. ಪ್ರಿಂಟ್ ಕೊಟ್ಟರೆ ಸ್ಪೂಲರ್ ಸರ್ವೀಸ್ ಓಡುತ್ತಿಲ್ಲ ಅಂತ ಬರುತ್ತೆ. ಎರಡು ಸಲ ತಾನಾಗಿಯೇ ವಾಪಸ್ ಬರುತ್ತೆ, ಮೂರನೇ ಸಲ ಬಿದ್ದರೆ ಏಳೋದೇ ಇಲ್ಲ, ಮತ್ತೆ ರೀಸ್ಟಾರ್ಟ್ ಮಾಡಬೇಕು. ಹೋದ ವಾರ 23ನೇ ಪ್ರಶ್ನೆಗೆ ಹಾಳೆ ಅರ್ಧ ಹೊರಗೆ ಬಂದು ನಿಂತುಬಿಡ್ತು, ಮಿಕ್ಕಿದ್ದನ್ನ ಬೋರ್ಡ್ ಮೇಲೆ ಬರೆದೆ. ವಿಂಡೋಸ್ 10, ಐದು ವರ್ಷದ ಡೆಸ್ಕ್‌ಟಾಪ್. ಅಂಗಡಿಯವರು ಫಾರ್ಮ್ಯಾಟ್ ಒಂದೇ ದಾರಿ ಅಂದ್ರು. ಹಳೆ ಪ್ರಶ್ನೆಪತ್ರಿಕೆ ಎಲ್ಲಾ ನುಡಿ ಫಾಂಟಲ್ಲಿವೆ, ಅವಕ್ಕೆ ಏನಾದ್ರೂ ಆದ್ರೆ ಅಂತ ಭಯ. ಏನು ಮಾಡಲಿ?

ಹೊಸಪೇಟೆ ರಸ್ತೆ

ಫಾರ್ಮ್ಯಾಟ್ ಮಾಡಿಸಿ ಅಕ್ಕ, ಅರ್ಧ ದಿನದ ಕೆಲಸ. ನಂದೂ ಹಾಗೇ ಆಗಿತ್ತು.

ಕೋಟೆ ಕೆಳಗಿನವ, ಬಳ್ಳಾರಿ

ಅಕ್ಕ, ದಯವಿಟ್ಟು ಈಗಲೇ ಫಾರ್ಮ್ಯಾಟ್ ಬೇಡ. ನೀವು ಕೊಡೋ ಪ್ರತಿ ಪ್ರಿಂಟೂ ಮೊದಲು ಒಂದು ಫೋಲ್ಡರಲ್ಲಿ ಫೈಲ್ ಆಗಿ ಕೂರುತ್ತೆ, ಸ್ಪೂಲರ್ ಅಲ್ಲಿಂದ ಒಂದೊಂದಾಗಿ ಪ್ರಿಂಟರಿಗೆ ಕಳಿಸುತ್ತೆ. ಮಧ್ಯದಲ್ಲಿ ಕರೆಂಟ್ ಹೋದ್ರೆ ಆ ಫೈಲ್ ಅರೆಬರೆ ಆಗಿ ಅಲ್ಲೇ ಉಳಿಯುತ್ತೆ. ಮುಂದಿನ ಸಲ ಸ್ಪೂಲರ್ ಎದ್ದ ಕೂಡಲೇ ಅದನ್ನೇ ಮತ್ತೆ ಓದೋಕೆ ಹೋಗಿ ಬೀಳುತ್ತೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಗೆ ಹೋಗಿ ಬರುತ್ತೆ ಅಂತ ನಿಮಗೇ ಗೊತ್ತಲ್ವಾ.

ಹೀಗೆ ಮಾಡಿ. ಪ್ರಿಂಟರ್ ಆಫ್ ಮಾಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸರ್ವೀಸಸ್ ಡಾಟ್ ಎಂಎಸ್‌ಸಿ ಅಂತ ಹೊಡೆಯಿರಿ. ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಹುಡುಕಿ ಸ್ಟಾಪ್ ಕೊಡಿ. ಆಮೇಲೆ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನೋ ಫೋಲ್ಡರ್ ತೆಗೆಯಿರಿ. ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಒಳಗೆ ಎಸ್‌ಪಿಎಲ್, ಎಸ್‌ಎಚ್‌ಡಿ ಅಂತ ಕೊನೆಯಾಗೋ ಫೈಲ್ ಇದ್ದರೆ ಅಷ್ಟನ್ನೂ ಅಳಿಸಿ. ಫೋಲ್ಡರನ್ನ ಮಾತ್ರ ಮುಟ್ಟಬೇಡಿ, ಒಳಗಿನ ಫೈಲ್ ಅಷ್ಟೇ. ಮತ್ತೆ ಸ್ಟಾರ್ಟ್ ಕೊಡಿ.

ಟ್ಯೂಷನ್ ಅಕ್ಕ, ಗಂಗಾವತಿ

ಅಣ್ಣ, ಆರು ಫೈಲ್ ಇದ್ವು! ಎಲ್ಲಕ್ಕಿಂತ ಹಳೇದರ ತಾರೀಖು ನೋಡಿದ್ರೆ ಪ್ರಿಂಟ್ ಮಧ್ಯೆ ಕರೆಂಟ್ ಹೋದ ದಿನದ್ದೇ. ಅಳಿಸಿದ ಮೇಲೆ ಒಂದು ದಿನ ಪೂರ್ತಿ ಚೆನ್ನಾಗಿತ್ತು, ಹದಿನೆಂಟು ಪ್ರತಿ ತೆಗೆದೆ. ಆದ್ರೆ ಇವತ್ತು ಸಂಜೆ ಮತ್ತೆ ಬಿತ್ತು. ಈ ಸಲ ಫೋಲ್ಡರ್ ಖಾಲಿ ಇದೆ.

ಲ್ಯಾಬ್ ಮೇಷ್ಟ್ರು, ರಾಯಚೂರು

ಅಮ್ಮ, ಫೋಲ್ಡರ್ ಖಾಲಿ ಇದ್ದೂ ಬೀಳುತ್ತಿದೆ ಅಂದ್ರೆ ಎರಡನೇ ಕಾರಣ ಇದೆ. ಬೀಳಿಸುತ್ತಿರೋದು ಯಾವುದು ಅಂತ ವಿಂಡೋಸ್ ಬರೆದಿಟ್ಟಿರುತ್ತೆ, ಅದನ್ನ ಓದಬೇಕು. ಸ್ಟಾರ್ಟಲ್ಲಿ ಈವೆಂಟ್ ವ್ಯೂವರ್ ಅಂತ ಹುಡುಕಿ. ವಿಂಡೋಸ್ ಲಾಗ್ಸ್ ಕೆಳಗೆ ಸಿಸ್ಟಮ್ ತೆಗೆದರೆ 7031, 7034 ಅನ್ನೋ ನಂಬರ್ ಸಿಗುತ್ತವೆ. ಸರ್ವೀಸ್ ಇದ್ದಕ್ಕಿದ್ದಂತೆ ನಿಂತಿದೆ ಅಂತ ಅದರ ಅರ್ಥ, ಕಾರಣ ಅಲ್ಲಿರಲ್ಲ. ಕಾರಣ ಇರೋದು ಪಕ್ಕದ ಅಪ್ಲಿಕೇಶನ್ ಲಾಗಲ್ಲಿ. ಅದೇ ಹೊತ್ತಿಗೆ 1000 ನಂಬರಿನ ಕೆಂಪು ಸಾಲು ಇರುತ್ತೆ, ಅದರಲ್ಲಿ ಸ್ಪೂಲ್‌ಎಸ್‌ವಿ (ಸ್ಪೂಲರ್ ಪ್ರೋಗ್ರಾಂನ ಫೈಲ್ ಹೆಸರು ಅದೇ) ಹೆಸರಿನ ಕೆಳಗೆ ಫಾಲ್ಟಿಂಗ್ ಮಾಡ್ಯೂಲ್ ಅಂತ ಒಂದು ಸಾಲು. ಅಲ್ಲಿರೋ ಡಿಎಲ್‌ಎಲ್, ಅಂದ್ರೆ ಸ್ಪೂಲರ್ ಒಳಗೆ ಸೇರಿಕೊಂಡು ಕೆಲಸ ಮಾಡೋ ಪ್ರೋಗ್ರಾಂ ಫೈಲಿನ ಹೆಸರು ಬರೆದು ಕಳಿಸಿ.

ಎರಡು ಸಲ ಎದ್ದು ಮೂರನೇ ಸಲ ಏಳದೇ ಇರೋದಕ್ಕೆ ಹೆದರಬೇಡಿ. ಸ್ಪೂಲರ್ ಪ್ರಾಪರ್ಟೀಸಲ್ಲಿ ರಿಕವರಿ ಅನ್ನೋ ಕಡೆ ಅದು ಹಾಗೇ ಸೆಟ್ ಆಗಿ ಬಂದಿರುತ್ತೆ, ಮೊದಲ ಎರಡು ಸಲ ರೀಸ್ಟಾರ್ಟ್, ಆಮೇಲೆ ಸುಮ್ನಿರು ಅಂತ. ಮೂರನೇದಕ್ಕೂ ರೀಸ್ಟಾರ್ಟ್ ಹಾಕಿಕೊಂಡರೆ ಭಾನುವಾರದ ಟೆಸ್ಟ್ ಹೇಗೋ ದಾಟುತ್ತೆ, ಆದ್ರೆ ರೋಗ ಒಳಗೇ ಇರುತ್ತೆ.

ಟ್ಯೂಷನ್ ಅಕ್ಕ, ಗಂಗಾವತಿ

ಸರ್, ನೋಡಿದೆ. ನಾಲ್ಕು ಸಲ ಬಿದ್ದಿದೆ, ನಾಲ್ಕರಲ್ಲೂ ಒಂದೇ ಡಿಎಲ್‌ಎಲ್. ಅದರ ಹೆಸರಲ್ಲಿ ನಮ್ಮ ಹಳೆ ಪ್ರಿಂಟರ್ ಕಂಪನಿ ಅಕ್ಷರ ಇವೆ. ಆ ಪ್ರಿಂಟರ್ ಎರಡು ವರ್ಷದ ಹಿಂದೆಯೇ ಕುಷ್ಟಗಿಯಲ್ಲಿರೋ ತಮ್ಮನಿಗೆ ಕೊಟ್ಟಿದ್ದೀನಿ! ಪಟ್ಟಿಯಿಂದಲೂ ತೆಗೆದಿದ್ದೆ.

ಲ್ಯಾಬ್ ಮೇಷ್ಟ್ರು, ರಾಯಚೂರು

ಸಿಕ್ತು ನೋಡಿ. ಪಟ್ಟಿಯಿಂದ ಪ್ರಿಂಟರ್ ತೆಗೆದರೆ ಚಿತ್ರ ಮಾತ್ರ ಹೋಗುತ್ತೆ, ಡ್ರೈವರ್, ಅಂದ್ರೆ ಪ್ರಿಂಟರನ್ನ ನಡೆಸೋ ಸಾಫ್ಟ್‌ವೇರ್, ಉಳಿಯುತ್ತೆ. ಅದರ ಜೊತೆ ಬಂದ ಸಣ್ಣಪುಟ್ಟ ಭಾಗಗಳನ್ನ ಸ್ಪೂಲರ್ ಎದ್ದಾಗಲೆಲ್ಲ ತನ್ನೊಳಗೆ ಎಳೆದುಕೊಳ್ಳುತ್ತೆ. ಒಳಗೆ ಕೂತದ್ದು ಬಿದ್ದರೆ ಸ್ಪೂಲರೂ ಬೀಳುತ್ತೆ, ಹೊಸ ಪ್ರಿಂಟರ್ ಎಷ್ಟೇ ಚೆನ್ನಾಗಿರಲಿ.

ಮೊದಲು ಆಪ್ಸ್ ಪಟ್ಟಿಯಲ್ಲಿ ಆ ಹಳೆ ಕಂಪನಿಯ ಸಾಫ್ಟ್‌ವೇರ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಸೆಟ್ಟಿಂಗ್ಸಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್, ಅಲ್ಲಿ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್, ಡ್ರೈವರ್ಸ್ ಟ್ಯಾಬ್. ಹಳೇದನ್ನ ಆರಿಸಿ ರಿಮೂವ್ ಕೊಟ್ಟಾಗ ಡ್ರೈವರ್ ಮಾತ್ರನಾ, ಪ್ಯಾಕೇಜ್ ಸಮೇತನಾ ಅಂತ ಕೇಳುತ್ತೆ. ಪ್ಯಾಕೇಜ್ ಸಮೇತ ಅನ್ನೋದನ್ನೇ ಆರಿಸಿ. ಬಳಕೆಯಲ್ಲಿದೆ ಅಂತ ಹಟ ಮಾಡಿದರೆ ಸ್ಪೂಲರ್ ನಿಲ್ಲಿಸಿ, ಶುರುಮಾಡಿ, ತಕ್ಷಣ ರಿಮೂವ್ ಕೊಡಿ.

ಮುಂದೆ ಯಾವತ್ತಾದ್ರೂ ಫಾರ್ಮ್ಯಾಟ್ ಮಾಡಿಸೋದಾದ್ರೆ ಪ್ರಶ್ನೆಪತ್ರಿಕೆ ಜೊತೆ ನುಡಿ ಫಾಂಟ್ ಫೈಲೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಹಳೆ ನುಡಿ ಫೈಲ್ ಫಾಂಟ್ ಇಲ್ಲದೆ ತೆಗೆದರೆ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣುತ್ತೆ, ಎಷ್ಟೋ ಜನ ಫೈಲೇ ಕೆಟ್ಟಿದೆ ಅಂತ ಅಳಿಸಿಬಿಡ್ತಾರೆ. ಇನ್ನೊಂದು ಮಾತು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2021ರಲ್ಲಿ ಇದೇ ಸ್ಪೂಲರಲ್ಲಿ ಪ್ರಿಂಟ್‌ನೈಟ್‌ಮೇರ್ ಅನ್ನೋ ದೊಡ್ಡ ಸುರಕ್ಷತಾ ತೂತು ಸಿಕ್ಕಿತ್ತು, ಅಂಥದ್ದನ್ನ ಮುಚ್ಚೋದು ಅಪ್‌ಡೇಟೇ. ಪರೀಕ್ಷೆ ಮುಗಿದ ಮೇಲೆ ಆ ಕಡೆ ಗಮನ ಕೊಡಿ.

ಟ್ಯೂಷನ್ ಅಕ್ಕ, ಗಂಗಾವತಿ

ಎಂಟು ದಿನ ಆಯ್ತು, ಒಂದು ಸಲವೂ ಬಿದ್ದಿಲ್ಲ. 1000 ನಂಬರಿನ ಹೊಸ ಸಾಲು ಲಾಗಲ್ಲಿ ಇಲ್ಲ. ನಿನ್ನೆ ಪ್ರಿಂಟ್ ಮಧ್ಯೆ ಕರೆಂಟ್ ಹೋಯ್ತು, ಬಂದ ಮೇಲೆ ನೋಡಿದ್ರೆ ಫೋಲ್ಡರಲ್ಲಿ ಎರಡು ಫೈಲ್ ಕೂತಿದ್ವು. ನಾನೇ ನಿಲ್ಲಿಸಿ, ಅಳಿಸಿ, ಶುರುಮಾಡಿ ಮಿಕ್ಕ ಹಾಳೆ ತೆಗೆದೆ. ತಮ್ಮನಿಗೂ ಫೋನ್ ಮಾಡಿ ಹೇಳಿದ್ದೀನಿ, ಆ ಪ್ರಿಂಟರ್ ಈಗ ಅವನ ಮನೆಯಲ್ಲಿದೆ ನೋಡಿ. ಬಳ್ಳಾರಿ ಅಣ್ಣನಿಗೆ, ಮೇಷ್ಟ್ರಿಗೆ ತುಂಬಾ ಥ್ಯಾಂಕ್ಸ್.