ಮಂಗಳನ ಚುಕ್ಕಿಗಳು ಹಿಂದಕ್ಕೆ ಹೋಗುತ್ತಿವೆ, ಟ್ರ್ಯಾಕರ್ ಕೆಟ್ಟಿದೆಯಾ?

ಮೂರುಕಾಲು – 27 ಜನವರಿ 2025

ನಮಸ್ಕಾರ ಎಲ್ಲರಿಗೂ. ಎರಡು ದಿನದಿಂದ ತಲೆ ಕೆಟ್ಟುಹೋಗಿದೆ, ಯಾರಾದರೂ ನೋಡಿ ಹೇಳಿ.

ಅಕ್ಟೋಬರ್ 20ರಿಂದ ಪ್ರತಿ ಭಾನುವಾರ ಮಂಗಳನ ಫೋಟೋ ತೆಗೆಯುತ್ತಿದ್ದೇನೆ. 50 ಎಂಎಂ ಲೆನ್ಸ್, ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಆಕಾಶದ ಜೊತೆ ತಿರುಗಿಸುವ ಒಂದು ಸಣ್ಣ ಟ್ರ್ಯಾಕರ್. ಮಿಥುನದ ಜೋಡಿ ನಕ್ಷತ್ರಗಳಾದ ಕ್ಯಾಸ್ಟರ್, ಪೊಲಕ್ಸ್ ಒಂದು ಕಡೆ, ಕರ್ಕಾಟಕದ ಜೇನುಗೂಡು ಎಂಬ ನಕ್ಷತ್ರಗಳ ಗುಂಪು ಇನ್ನೊಂದು ಕಡೆ, ಎಲ್ಲವೂ ಒಂದೇ ಫ್ರೇಮಿನಲ್ಲಿ ಬರುವ ಹಾಗೆ ಇಟ್ಟುಕೊಂಡಿದ್ದೆ. ನಿನ್ನೆ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಕೂರಿಸಿದೆ. 14 ಫೋಟೋ, 14 ಚುಕ್ಕಿ. ನೆಟ್ಟಗೆ ಒಂದು ಗೆರೆ ಬರುತ್ತದೆ ಅಂದುಕೊಂಡಿದ್ದೆ.

ಬಂದಿಲ್ಲ. ಡಿಸೆಂಬರ್ ಮೊದಲ ವಾರದವರೆಗೆ ಚುಕ್ಕಿಗಳು ಪೂರ್ವಕ್ಕೆ ಹೋಗಿವೆ, ಆಮೇಲೆ ಒಂದು ಕಡೆ ಗುಂಪು ಕಟ್ಟಿಕೊಂಡು, ಅಲ್ಲಿಂದ ತಿರುಗಿ ಬಂದ ಕಡೆಗೇ ಹೊರಟಿವೆ! ಈಗ ಮತ್ತೆ ಪೊಲಕ್ಸ್ ಹತ್ತಿರವೇ ಇದೆ. ಅದೂ ಹೋದ ದಾರಿಯಲ್ಲೇ ಬಂದಿಲ್ಲ, ಸ್ವಲ್ಪ ಮೇಲಿನಿಂದ ಬಂದಿದೆ. ಅಂತರವೂ ಒಂದೇ ಥರ ಇಲ್ಲ. 12 ಮತ್ತು 13ರ ನಡುವೆ ದೊಡ್ಡ ಜಾಗ, 7, 8, 9 ಒಂದಕ್ಕೊಂದು ಅಂಟಿಕೊಂಡ ಹಾಗೆ. ಇದೆಲ್ಲಾ ಸಾಲದು ಅಂತ ಮೊದಲನೇ ಚುಕ್ಕಿ ಎಲ್ಲೋ ಇದೆ, ಎರಡನೆಯದು ಇನ್ನೆಲ್ಲೋ ಇದೆ.

ಟ್ರ್ಯಾಕರ್ ಹೋಗಿದೆಯಾ, ಸಾಫ್ಟ್‌ವೇರ್ ಕೈಕೊಟ್ಟಿದೆಯಾ, ಇಲ್ಲಾ ನಾನೇ ಏನಾದರೂ ಎಡವಟ್ಟು ಮಾಡಿದ್ದೇನಾ?

ರಾತ್ರಿಪಾಳಿ

ಪೋಲಾರ್ ಅಲೈನ್‌ಮೆಂಟ್ ಸರಿ ಇಲ್ಲ ಅನ್ನಿಸುತ್ತದೆ. ನನಗೂ ಒಂದು ಸಲ ಹೀಗೆ ಚುಕ್ಕಿ ಜಾರಿತ್ತು. ಟ್ರ್ಯಾಕರನ್ನು ಧ್ರುವದ ಕಡೆಗೆ ಸರಿಯಾಗಿ ತಿರುಗಿಸಿ ಮತ್ತೆ ಮೊದಲಿಂದ ಶುರು ಮಾಡಿ.

ಹಳೇದುರ್ಬೀನು

ಮೊದಲಿಂದ ಶುರು ಮಾಡಬೇಡಿ ಮಾರಾಯರೇ! ಮೂರು ತಿಂಗಳ ಕೆಲಸ ಅದು.

ಒಂದೇ ಒಂದು ಪ್ರಶ್ನೆ. ಫೋಟೋಗಳನ್ನು ಒಂದರ ಮೇಲೊಂದು ಇಟ್ಟಾಗ ನಕ್ಷತ್ರಗಳು ಸರಿಯಾಗಿ ಕೂತಿವೆಯಾ? ಅಂದರೆ 14 ಫೋಟೋದ ಪೊಲಕ್ಸೂ ಒಂದೇ ಚುಕ್ಕಿಯಾಗಿ ಕಾಣುತ್ತಿದೆಯಾ, ಅಥವಾ ಅದೂ ಎಳೆದುಕೊಂಡು ಹೋಗಿದೆಯಾ? ಫ್ರೇಮಿನ ನಾಲ್ಕೂ ಮೂಲೆಯಲ್ಲಿ ನೋಡಿ ಹೇಳಿ.

ಮೂರುಕಾಲು

ನೋಡಿದೆ. ಎಲ್ಲಾ ನಕ್ಷತ್ರಗಳೂ ಒಂದೊಂದೇ ಚುಕ್ಕಿ. ಒಂದು ಮೂಲೆಯಲ್ಲಿ ಸ್ವಲ್ಪ ಉದ್ದವಾಗಿವೆ, ಅದು ಲೆನ್ಸಿನ ಗುಣ ಇರಬೇಕು. ಓಡಾಡಿರುವುದು ಮಂಗಳ ಮಾತ್ರ.

ಹಳೇದುರ್ಬೀನು

ಹಾಗಾದರೆ ಟ್ರ್ಯಾಕರ್ ಮೇಲೆ ತಪ್ಪು ಹೊರಿಸಬೇಡಿ. ಅದರ ಕೆಲಸ ಒಂದು ಫೋಟೋ ತೆಗೆಯುವಷ್ಟು ಹೊತ್ತು ಆಕಾಶದ ಜೊತೆ ತಿರುಗುವುದು ಅಷ್ಟೇ. ಅದು ತಪ್ಪಿದ್ದರೆ ನಕ್ಷತ್ರಗಳೂ ಜಾರುತ್ತಿದ್ದವು, ಮಂಗಳ ಒಂದೇ ಜಾರುತ್ತಿರಲಿಲ್ಲ. ಸಾಫ್ಟ್‌ವೇರೂ ಅಷ್ಟೇ, ನಕ್ಷತ್ರಗಳನ್ನೇ ಹಿಡಿದು ಫೋಟೋ ಕೂರಿಸುತ್ತದೆ. ಅಕ್ಟೋಬರ್‌ನಲ್ಲಿ ನೀವು ನಡುರಾತ್ರಿ ಮೇಲೆ ಎದ್ದು ತೆಗೆದಿರುತ್ತೀರಿ, ಈಗ ಊಟ ಮುಗಿಸಿ ಹೋದರೆ ಸಿಗುತ್ತದೆ, ಅಲ್ವಾ? ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ, ತಿಂಗಳಿಗೆ 2 ಗಂಟೆ. ಆ ವ್ಯತ್ಯಾಸವನ್ನೂ ಫ್ರೇಮ್ ವಾಲಿರುವುದನ್ನೂ ಸಾಫ್ಟ್‌ವೇರ್ ಸರಿ ಮಾಡಿಕೊಂಡಿದೆ.

ನಿಮ್ಮ ಫೋಟೋದಲ್ಲಿ ಬಂದಿರುವುದು ವಕ್ರಗತಿ, ಅಂದರೆ ಗ್ರಹ ಹಿಂದಕ್ಕೆ ಹೋದಂತೆ ಕಾಣುವುದು. ಕನ್ನಡದಲ್ಲಿ ಈ ಹೆಸರು ಹಿಂದಿನಿಂದಲೂ ಇದೆ, ಕಣ್ಣಿಗೆ ಕಂಡಿದ್ದನ್ನು ಹಾಗೇ ಹೇಳುತ್ತದೆ. ಈ ಸಲ ಮಂಗಳ ಡಿಸೆಂಬರ್ 7ರ ಸುಮಾರಿಗೆ ನಿಂತಂತೆ ಕಂಡು ಹಿಂದಕ್ಕೆ ಹೊರಟಿತು. ಹೋದ ವರ್ಷದ ಹೊಸ ವಿಷಯವೂ ಅಲ್ಲ, ಸುಮಾರು 780 ದಿನಕ್ಕೊಮ್ಮೆ, ಅಂದರೆ 26 ತಿಂಗಳಿಗೊಮ್ಮೆ ಹೀಗೇ ಆಗುತ್ತದೆ.

ರಾತ್ರಿಪಾಳಿ

ಓ, ಸರಿ ಸರಿ. ನಾನು ದುಡುಕಿದೆ. ಆದರೆ ಮಂಗಳ ನಿಜವಾಗಲೂ ಹಿಂದಕ್ಕೆ ಹೋಗುವುದಿಲ್ಲ ತಾನೇ? ನಿಲ್ಲುವುದೂ ಇಲ್ಲ?

ಹಳೇದುರ್ಬೀನು

ಒಂದು ಕ್ಷಣವೂ ಇಲ್ಲ. ಮಂಗಳ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 24 ಕಿಲೋಮೀಟರ್ ಓಡುತ್ತಲೇ ಇರುತ್ತದೆ. ಭೂಮಿ ಒಳಗಿನ ದಾರಿಯಲ್ಲಿದೆ, ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ನಮಗೆ ಒಂದು ಸುತ್ತಿಗೆ 365 ದಿನ ಸಾಕು, ಅದಕ್ಕೆ 687 ಬೇಕು. ನಾವು ಅದನ್ನು ಹಿಂದಿನಿಂದ ಬಂದು ದಾಟುವಾಗ, ದೂರದ ನಕ್ಷತ್ರಗಳ ಮುಂದೆ ಅದು ಹಿಂದೆ ಸರಿದ ಹಾಗೆ ಕಾಣುತ್ತದೆ. ವೇಗದ ಬಸ್ಸಿನಲ್ಲಿ ಕೂತು ನಿಧಾನದ ಬಸ್ಸನ್ನು ದಾಟುವಾಗ ಅದು ಹಿಂದೆ ಸರಿದಂತೆ ಕಾಣುತ್ತದೆ ಅನ್ನುವ ಉದಾಹರಣೆ ಎಲ್ಲರೂ ಕೊಡುತ್ತಾರೆ. ನನಗೆ ಅದು ಯಾವತ್ತೂ ಪೂರ್ತಿ ಸಮಾಧಾನ ಕೊಟ್ಟಿಲ್ಲ, ಯಾಕೆಂದರೆ ಬಸ್ಸು ನೆಟ್ಟಗೆ ಹೋಗುತ್ತದೆ, ಹಿಂದೆ ಬಿಟ್ಟ ಬಸ್ಸು ಮತ್ತೆ ಮುಂದಕ್ಕೆ ಹೊರಟಂತೆ ಕಾಣುವುದು ಯಾಕೆ ಅಂತ ಅದು ಹೇಳುವುದಿಲ್ಲ.

ಅದಕ್ಕೆ ಒಂದು ಕಾಗದ ತೆಗೆದುಕೊಳ್ಳಿ. ಕೈವಾರ, ಕೋನಮಾಪಕ ಸಾಕು. ಒಂದೇ ಕೇಂದ್ರದಿಂದ ಎರಡು ವೃತ್ತ ಎಳೆಯಿರಿ, ಒಂದಕ್ಕೆ ತ್ರಿಜ್ಯ 10 ಸೆಂಟಿಮೀಟರ್, ಇನ್ನೊಂದಕ್ಕೆ 15.2. ಚಿಕ್ಕದು ಭೂಮಿ, ದೊಡ್ಡದು ಮಂಗಳ. ಕೇಂದ್ರದಿಂದ ಬಲಕ್ಕೆ ಒಂದು ಗೆರೆ ಎಳೆದು, ಅದು ಎರಡೂ ವೃತ್ತವನ್ನು ಮುಟ್ಟುವ ಕಡೆ ಸೊನ್ನೆ ಅಂತ ಬರೆಯಿರಿ. ಅಲ್ಲಿಂದ ಪ್ರತಿ ತಿಂಗಳಿಗೆ ಭೂಮಿಗೆ 30 ಡಿಗ್ರಿ, ಮಂಗಳಕ್ಕೆ 16 ಡಿಗ್ರಿ ಗುರುತು ಹಾಕಿ. ಮೂರು ತಿಂಗಳು ಮುಂದಕ್ಕೆ, ಮೂರು ತಿಂಗಳು ಹಿಂದಕ್ಕೆ. ಗಡಿಯಾರಕ್ಕೆ ಎದುರಾಗಿ ಹೋದರೆ ಮುಂದೆ. ಈಗ ಭೂಮಿಯ ಒಂದೊಂದು ಗುರುತಿನಿಂದ ಅದೇ ತಿಂಗಳ ಮಂಗಳನ ಗುರುತಿಗೆ ಗೆರೆ ಎಳೆದು, ಆ ಗೆರೆ ಎಷ್ಟು ಡಿಗ್ರಿ ವಾಲಿದೆ ಅಂತ ಅಳೆಯಿರಿ. ಏನು ಬರುತ್ತದೆ ಅಂತ ನಾನು ಹೇಳುವುದಿಲ್ಲ.

ಮೂರುಕಾಲು – 29 ಜನವರಿ

ಮಾಡಿದೆ ಸರ್. ಕೋನಮಾಪಕ ಹುಡುಕುವುದಕ್ಕೇ ಅರ್ಧ ಗಂಟೆ ಆಯಿತು.

ಮೈನಸ್ 7, 4, 8, ಸೊನ್ನೆ, ಮೈನಸ್ 8, ಮೈನಸ್ 4, 7. ಹೆಚ್ಚುಕಡಿಮೆ ಹೀಗೆ ಬಂತು. ಅಂದರೆ ಏರುತ್ತಾ ಹೋಗಿ, ನಡುವೆ ಇಳಿದು, ಮತ್ತೆ ಏರುತ್ತದೆ! ಎರಡೂ ಗುರುತುಗಳು ಒಂದೇ ದಿಕ್ಕಿಗೆ ಹೋಗುತ್ತಿವೆ, ಗೆರೆ ಮಾತ್ರ ಹಿಂದಕ್ಕೆ ತಿರುಗುತ್ತದೆ. ನನ್ನ ಕೈಯಲ್ಲೇ ಎಳೆದ ಗೆರೆ ಅಂತ ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಚುಕ್ಕಿಗಳ ಅಂತರವೂ ಅರ್ಥವಾಯಿತು. ತಿರುಗುವ ಕಡೆ ಗೆರೆ ಹೆಚ್ಚು ಅಲ್ಲಾಡುವುದಿಲ್ಲ, ಅದಕ್ಕೇ 7, 8, 9 ಅಂಟಿಕೊಂಡಿವೆ. ಆದರೆ ಕಾಗದದಲ್ಲಿ 8ರಿಂದ ಮೈನಸ್ 8, ಒಟ್ಟು 16 ಡಿಗ್ರಿ ಮಾತ್ರ ಹಿಂದೆ ಹೋಗಿದೆ. ಫೋಟೋದಲ್ಲಿ ಈಗಲೇ ಅದರ ಹತ್ತಿರ ಬಂದಿದೆ, ಇನ್ನೂ ನಿಂತಿಲ್ಲ.

ಹಳೇದುರ್ಬೀನು

ಭಲೇ! ಫೆಬ್ರವರಿ 24ರ ಸುಮಾರಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಸುಮಾರು 20 ಡಿಗ್ರಿ ಹಿಂದೆ ಹೋಗಿರುತ್ತದೆ, ಕೈ ಚಾಚಿ ಹಿಡಿದ ಎರಡು ಮುಷ್ಟಿಯಷ್ಟು.

16 ಯಾಕೆ 20 ಆಯಿತು ಅಂದರೆ, ನಾನು ನಿಮ್ಮಿಂದ ಎಳೆಸಿದ್ದು ವೃತ್ತ. ನಿಜವಾದ ದಾರಿ ಸ್ವಲ್ಪ ಉದ್ದುದ್ದ. ಮಂಗಳ ಸೂರ್ಯನಿಂದ 20.7 ಕೋಟಿ ಕಿಲೋಮೀಟರ್ ದೂರಕ್ಕೂ ಬರುತ್ತದೆ, 24.9 ಕೋಟಿಗೂ ಹೋಗುತ್ತದೆ. ದೂರ ಇದ್ದಾಗ ನಿಧಾನ. ಈ ಸಲ ನಾವು ಅದನ್ನು ದಾಟುತ್ತಿರುವುದು ಆ ದೂರದ ತುದಿಯ ಹತ್ತಿರ, ಅದಕ್ಕೇ ಜಾಸ್ತಿ ಹಿಂದೆ ಬಿದ್ದ ಹಾಗೆ ಕಾಣುತ್ತದೆ. ಖಗೋಳಜ್ಞ ಕೆಪ್ಲರ್ ತಲೆ ಕೆಡಿಸಿಕೊಂಡಿದ್ದೂ ಇದೇ ಮಂಗಳನ ಮೇಲೆ. ಇನ್ನೊಬ್ಬ ಖಗೋಳಜ್ಞ ಟೈಕೊ ಬ್ರಾಹೆ ದುರ್ಬೀನೇ ಇಲ್ಲದೆ ಬರಿಗಣ್ಣಿನಲ್ಲಿ ಅಳೆದಿಟ್ಟ ಲೆಕ್ಕಕ್ಕೂ ವೃತ್ತದ ಲೆಕ್ಕಕ್ಕೂ 8 ಕಲೆ (ಒಂದು ಡಿಗ್ರಿಗೆ 60 ಕಲೆ) ವ್ಯತ್ಯಾಸ ಬಂತು, ಅಂದರೆ ಚಂದ್ರನ ಅಗಲದ ಕಾಲು ಭಾಗ. ಬೇರೆ ಯಾರಾದರೂ ಆಗಿದ್ದರೆ ಕೈ ನಡುಗಿರಬೇಕು ಅಂತ ಬಿಟ್ಟುಬಿಡುತ್ತಿದ್ದರು. ಕೆಪ್ಲರ್ ಬಿಡಲಿಲ್ಲ, ವೃತ್ತವನ್ನೇ ಬಿಟ್ಟು 1609ರಲ್ಲಿ ದೀರ್ಘವೃತ್ತ ಅಂತ ಬರೆದ. ನಿಮಗೆ 4 ಡಿಗ್ರಿ ಸಿಕ್ಕಿದೆ, ನೀವು ಅದೃಷ್ಟವಂತರು.

ವಾಪಸ್ ಬಂದ ದಾರಿ ಮೇಲೆ ಇರುವುದಕ್ಕೆ ಕಾರಣ ಮಂಗಳನ ಕಕ್ಷೆ ನಮ್ಮ ಕಕ್ಷೆಗೆ 1.85 ಡಿಗ್ರಿ ವಾಲಿರುವುದು. ಹತ್ತಿರ ಬಂದಾಗ ಆ ವಾಲಿಕೆ ನಮಗೆ ದೊಡ್ಡದಾಗಿ ಕಾಣುತ್ತದೆ. ಎರಡೂ ಒಂದೇ ಸಮತಲದಲ್ಲಿ ಇದ್ದಿದ್ದರೆ ಹೋದ ಗೆರೆಯ ಮೇಲೇ ವಾಪಸ್ ಬರುತ್ತಿತ್ತು.

ಕೆಂಪುಚುಕ್ಕಿ

ಮೊದಲನೇ ಚುಕ್ಕಿಯ ಕಥೆ ಯಾರೂ ಕೇಳಲೇ ಇಲ್ಲವಲ್ಲ? ಅದು ವಕ್ರಗತಿ ಅಲ್ಲ. ಮಂಗಳ ಒಂದು ವಾರದಲ್ಲಿ ಅಷ್ಟು ದೂರ ಜಿಗಿಯುವುದಿಲ್ಲ. ಈಗ ಅತಿ ವೇಗವಾಗಿ ಸರಿಯುತ್ತಿರುವಾಗಲೂ ದಿನಕ್ಕೆ 0.4 ಡಿಗ್ರಿ ಅಷ್ಟೇ, ಚಂದ್ರನ ಅಗಲದ ಮುಕ್ಕಾಲು ಪಾಲು.

ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. 1ನೇ ಚುಕ್ಕಿ ಕೂತಿರುವುದು 12 ಮತ್ತು 13ರ ಸರಿಯಾಗಿ ನಡುವೆ, ವಾಪಸ್ ಬರುವ ದಾರಿಯ ಮೇಲೆ. 12 ಎಂದರೆ ಜನವರಿ 5, 13 ಎಂದರೆ ಜನವರಿ 19. ಜನವರಿ 12ರ ಭಾನುವಾರದ ಫೋಟೋ ಎಲ್ಲಿ? 1ನೇ ಚುಕ್ಕಿಯ ಫೋಟೋದ ಕಡತದ ದಿನಾಂಕ ನೋಡಿ. ಆ ಫೋಟೋದಲ್ಲಿ ಆಕಾಶ ಬೇರೆಯವುಗಳಿಗಿಂತ ಬೆಳ್ಳಗಿದೆಯಾ ಅಂತಲೂ ನೋಡಿ. ಹುಣ್ಣಿಮೆ 13ಕ್ಕೆ ಇತ್ತು.

ಮೂರುಕಾಲು

ಅಯ್ಯೋ! ಕಡತದ ದಿನಾಂಕ 2021 ಜನವರಿ 1 ಅಂತ ಇದೆ. ಆಕಾಶವೂ ಹಾಲು ಚೆಲ್ಲಿದ ಹಾಗಿದೆ.

ನೆನಪಾಯಿತು. ಆವತ್ತು ಬ್ಯಾಟರಿ ಪೂರ್ತಿ ಸತ್ತುಹೋಗಿ ಬದಲಿಸಿದ್ದೆ. ಕ್ಯಾಮೆರಾ ದಿನಾಂಕ ಕೇಳಿತ್ತು, ಚಳಿಯಲ್ಲಿ ಸುಮ್ನೆ ಓಕೆ ಒತ್ತಿದ್ದೆ. ಮರುದಿನ ಸರಿ ಮಾಡಿದ್ದೇನೆ, ಆ ಒಂದು ಫೋಟೋ ಹಾಗೇ ಉಳಿದಿದೆ. ದಿನಾಂಕದ ಪ್ರಕಾರ ಜೋಡಿಸಿದಾಗ ಅದು ಮೊದಲಿಗೆ ಹೋಗಿ ಕೂತಿದೆ. ನಾನೋ, ಜನವರಿ 12ಕ್ಕೂ ನವೆಂಬರ್ 17ಕ್ಕೂ ಮೋಡ ಇತ್ತು ಅಂತ ಡೈರಿಯಲ್ಲಿ ಬರೆದುಕೊಂಡಿದ್ದೆ, ನವೆಂಬರ್‌ದು ಮಾತ್ರ ನಿಜ.

ಕೆಂಪುಚುಕ್ಕಿ

ಕ್ಯಾಮೆರಾ ಮರೆತ ದಿನಾಂಕವನ್ನು ಮಂಗಳವೇ ಹೇಳಿತು ನೋಡಿ. ಇನ್ನೊಂದು ಮಾತು. ಈ ಸಲ ಮಂಗಳ ನಮಗೆ ಅತಿ ಹತ್ತಿರ ಬಂದಿದ್ದು ಅದೇ ಜನವರಿ 12ಕ್ಕೆ, 9.6 ಕೋಟಿ ಕಿಲೋಮೀಟರ್. ತಪ್ಪು ಚುಕ್ಕಿ ಅಂತ ಅಳಿಸಿದ್ದರೆ ಅದೇ ಹೋಗುತ್ತಿತ್ತು. ಕಡತದ ಹೆಸರು ಬದಲಿಸಿ, ದಿನಾಂಕ ತಿದ್ದಿ, ಮತ್ತೆ ಜೋಡಿಸಿ. ಮತ್ತೆ ದಯವಿಟ್ಟು ಏಪ್ರಿಲ್ ಕೊನೆಯವರೆಗೆ ನಿಲ್ಲಿಸಬೇಡಿ, ಚುಕ್ಕಿಗಳು ಹೋಗಿ, ಹಿಂತಿರುಗಿ, ಮತ್ತೆ ಮುಂದಕ್ಕೆ ಹೊರಡುವ ಈ ಕುಣಿಕೆ ಆಗಲೇ ಪೂರ್ತಿಯಾಗುವುದು.

ಮೂರುಕಾಲು – 5 ಮೇ 2025

ಹಳೆಯ ಚರ್ಚೆಯನ್ನು ಮೇಲೆತ್ತುತ್ತಿದ್ದೇನೆ, ಕ್ಷಮಿಸಿ. ಕುಣಿಕೆ ಮುಗಿಯಿತು! ಫೆಬ್ರವರಿ ಕೊನೆಯ ಎರಡು ಭಾನುವಾರದ ಚುಕ್ಕಿಗಳು ಬಿಡಿಸಲಾಗದಷ್ಟು ಹತ್ತಿರ, ಆಮೇಲೆ ಮತ್ತೆ ಪೂರ್ವಕ್ಕೆ. ನಿನ್ನೆ ಮಂಗಳ ಜೇನುಗೂಡಿನ ಪಕ್ಕದಲ್ಲೇ ಇತ್ತು.

ಒಂದು ಹೊಸ ಸಮಸ್ಯೆ. ಕೊನೆಯ ಫೋಟೋಗಳಲ್ಲಿ ಮಂಗಳ ತುಂಬಾ ಮಂಕಾಗಿದೆ. ಲೆನ್ಸನ್ನು ಎರಡು ಸಲ ಒರೆಸಿದೆ, ಐಎಸ್‌ಒ ಅದೇ, ಎಕ್ಸ್‌ಪೋಷರ್ ಅದೇ. ಸೆನ್ಸರ್ ಕ್ಲೀನ್ ಮಾಡಿಸಬೇಕಾ?

ಹಳೇದುರ್ಬೀನು

ಪೊಲಕ್ಸ್ ಮಂಕಾಗಿದೆಯಾ?

ಮೂರುಕಾಲು

ಇಲ್ಲ. ಅದು ಹಾಗೇ ಇದೆ.

…ಅರ್ಥವಾಯಿತು ಸರ್. ಸೆನ್ಸರ್ ಕೈಬಿಟ್ಟೆ.

ಹಳೇದುರ್ಬೀನು

ಹಹ. ಜನವರಿಗಿಂತ ಈಗ ಎರಡು ಪಟ್ಟಿಗೂ ಜಾಸ್ತಿ ದೂರ ಇದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಂದಿನ ಸಲ ಅದು ಸೂರ್ಯನಿಗೆ ನೇರ ಎದುರು ಬರುವುದು 2027ರ ಫೆಬ್ರವರಿ 19ಕ್ಕೆ, ಸಿಂಹದಲ್ಲಿ. ಅಷ್ಟರೊಳಗೆ ಒಂದು ಹೆಚ್ಚುವರಿ ಬ್ಯಾಟರಿ ಇಟ್ಟುಕೊಳ್ಳಿ.